ಮುದ್ರೆ ಒತ್ತದ ಕವಚ

ಸಿಪಾಯಿಗಳು ಎದೆಗೆ ಕಟ್ಟಿಕೊಳ್ಳುವ ಉಕ್ಕಿನ ತಗಡಿಗೆ ಒಂದು ಹಳೇ ಹೆಸರಿತ್ತು. ಉರ... ಉರತ್ರಾಣವೋ ಏನೋ, ಪೂರ್ತಿ ಬಾಯಿಗೆ ಬರುತ್ತಿಲ್ಲ. ಹೋಗಲಿ ಪುಟ್ಟೀ, ಎದೆಗವಚ ಎಂದೇ ಬರೆದುಕೋ.

ಒಂದು ಪಾಳೆಯಪಟ್ಟಿನಲ್ಲಿ ಆ ಕವಚಗಳನ್ನು ಪರೀಕ್ಷಿಸುವ ಕೆಲಸ ಚೆನ್ನಾಜಮ್ಮನದು. ಕವಚವನ್ನು ಹಸಿ ಜೇಡಿಮಣ್ಣಿನ ಗುಡ್ಡೆಗೆ ಕಟ್ಟಿ, ಕೋವಿಯಿಂದ ಗುಂಡು ಹೊಡೆಸುವಳು. ತಡೆದರೆ ಅವಳ ಮುದ್ರೆ ಬೀಳುತ್ತಿತ್ತು. ಆ ಮುದ್ರೆಯಿಲ್ಲದ ಕವಚವನ್ನು ಯಾವ ಸಿಪಾಯಿಯೂ ತೊಡುತ್ತಿರಲಿಲ್ಲ.

ಯುದ್ಧ ಹತ್ತಿರ ಬಂತು. ದಳವಾಯಿ ಮುದ್ದರಾಜ ಹೊಸ ಬೆರಕೆ ಉಕ್ಕಿನ ಕವಚಗಳನ್ನು ಗಾಡಿಗಟ್ಟಲೆ ಮಾಡಿಸಿ ತಂದ. ಒಂದನ್ನು ಮಾತ್ರ ರೇಷ್ಮೆ ವಸ್ತ್ರದಲ್ಲಿ ಸುತ್ತಿಸಿದ್ದ.

“ಇದಕ್ಕೆ ಹೊಡೆಸಮ್ಮ. ದೊರೆಗಳೇ ಮೆಚ್ಚಿದ್ದು,” ಎಂದ.

“ಯುದ್ಧಕ್ಕೆ ಹೋಗೋದು ಇದೊಂದೇನಾ, ಬುದ್ಧಿ? ಮದುವಣಗಿತ್ತಿ ಹಾಗೆ ಸಿಂಗರಿಸಿದ್ದೀರಿ, ಇದು ಮನೇಲೇ ಇರಲಿ,” ಎಂದವಳೇ ಚೆನ್ನಾಜಮ್ಮ ಗಾಡಿ ಹತ್ತಿ, ರಾಶಿಯ ಅಡಿಯಿಂದ ಒಂದನ್ನು ಎಳೆದಳು.

ಗುಂಡು ಹಾರಿತು. ಕವಚ ಬಾಗಲಿಲ್ಲ, ಮಡಕೆಯಂತೆ ಒಡೆಯಿತು. ಚೂರುಗಳು ಜೇಡಿಮಣ್ಣಿನೊಳಕ್ಕೆ ನಾಟಿಕೊಂಡವು.

ಅವಳು ಕಮ್ಮಾರ ಕಾಳಾಚಾರಿಯ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. “ಕೆಂಪಗೆ ಕಾಸಿ ನೀರಿಗೆ ಅದ್ದಿದೆವು ತಾಯಿ. ಆಮೇಲೆ ಮಂದ ಉರಿಯಲ್ಲಿಟ್ಟು ಹದ ಮಾಡಬೇಕಿತ್ತು. ಆ ರೇಷ್ಮೆಯದಕ್ಕೆ ಮಾಡಿದೆವು. ಉಳಿದವಕ್ಕೆ ದಳವಾಯಿಗಳು ಪುರಸೊತ್ತು ಕೊಡಲಿಲ್ಲ.”

“ವೈರಿ ಗಡಿಯಲ್ಲಿ ಕೂತಿದ್ದಾನೆ!” ಮುದ್ದರಾಜ ಗುಡುಗಿದ. “ಎಲ್ಲಕ್ಕೂ ಮುದ್ರೆ ಒತ್ತು. ಇಲ್ಲವೇ ಮುದ್ರೆಯನ್ನು ನನ್ನ ಕೈಗೆ ಕೊಟ್ಟು ಊರು ಬಿಡು.”

ಊರು ಬಿಟ್ಟರೆ ಎಲ್ಲಿಗೆ? ಚೆನ್ನಾಜಮ್ಮನಿಗೆ ಗೊತ್ತಿರಲಿಲ್ಲ. ಆ ಚೂರುಗಳು ಯಾರ ಮಕ್ಕಳ ಎದೆಗೆ ನಾಟುತ್ತವೆ ಎನ್ನುವುದು ಮಾತ್ರ ಗೊತ್ತಿತ್ತು. ಅವಳು ಮುದ್ರೆಯನ್ನು ಕಮ್ಮಾರನ ಅಡೆಗಲ್ಲಿನ ಮೇಲಿಟ್ಟಳು. ಕಾಳಾಚಾರಿಯ ಸುತ್ತಿಗೆ ಕಸಿದುಕೊಂಡು, ಅಕ್ಷರವೆಲ್ಲ ಅಳಿಯುವ ತನಕ ಬಡಿದಳು.

“ತಗೊಳ್ಳಿ ಬುದ್ಧಿ, ನಿಮ್ಮ ಮುದ್ರೆ. ಎಷ್ಟು ಬೇಕೋ ಅಷ್ಟು ಒತ್ತಿಕೊಳ್ಳಿ.”

ಅವಳು ಊರು ಬಿಟ್ಟಳು. ಇತ್ತ ಒಬ್ಬ ಸಿಪಾಯಿಯೂ ಕವಚ ಮುಟ್ಟಲಿಲ್ಲ. “ರಾಶಿಯಿಂದ ನಾವೇ ಆರಿಸುತ್ತೇವೆ, ಅದಕ್ಕೆ ಗುಂಡು ಹೊಡೆಸಿ” ಎಂದು ಪಟ್ಟು ಹಿಡಿದರು. ಗಾಡಿಗಳೆಲ್ಲ ಕುಲುಮೆಗೆ ಹಿಂದಿರುಗಿದವು. ಈ ಸಲ ಉಕ್ಕು ಹದವಾಗುವ ತನಕ ದಳವಾಯಿಯೇ ಕಾಯಬೇಕಾಯಿತು.

ನೀತಿ: ಗೆಲ್ಲುವುದನ್ನೇ ಆರಿಸಿ ಪರೀಕ್ಷೆಗಿಡುವುದು ಮೋಸ. ಇನ್ನೊಬ್ಬರ ಜೀವ ಕಾಯಬೇಕಾದ ವಸ್ತುವಿಗೆ, ಯಾರು ಗದರಿಸಿದರೂ, ಸುಳ್ಳು ಮುದ್ರೆ ಒತ್ತಬಾರದು. ಇದನ್ನು ಬರೆದಿಡು ಪುಟ್ಟೀ, ಒಂದು ಮಾತನ್ನೂ ಮೆತ್ತಗೆ ಮಾಡಬೇಡ.