ನೊಣ ಕೂತಲ್ಲೆಲ್ಲ ಕೈ ಉಜ್ಜುವುದೇಕೆ?

ಆಗ ಲೋಕ ಇನ್ನೂ ಹಸಿ ಹಸಿ. ಬೆಟ್ಟದ ಮಣ್ಣು ಪೂರ್ತಿ ಆರಿರಲಿಲ್ಲ. ಹೊಳೆಗೆ ಯಾವ ಕಡೆ ಹರಿಯಬೇಕು ಅನ್ನುವುದೇ ತಿಳಿಯದೆ ಒಂದು ದಿನ ಮೂಡಲಿಗೆ, ಒಂದು ದಿನ ಪಡುವಲಿಗೆ ಹೋಗಿ ಬರುತ್ತಿತ್ತು. ಪ್ರಾಣಿ, ಪಕ್ಷಿ, ಗಾಳಿ, ಬೆಂಕಿ, ಎಲ್ಲರಿಗೂ ಮಾತು ಬರುತ್ತಿತ್ತು. ಎಲ್ಲರೂ ಮಾತಾಡುವವರೇ! ಸುಮ್ಮನೆ ಕೂತು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಅಂಥ ಹೊಸ ಲೋಕದಲ್ಲಿ ಮೊಟ್ಟಮೊದಲ ಮನೆ ಎದ್ದಿತು. ಮಣ್ಣಿನ ಗೋಡೆ, ಹುಲ್ಲಿನ ಸೂರು, ಮುಂದೊಂದು ಬಾಗಿಲು. ಗೋಡೆಯ ಮೇಲ್ಗಡೆ ಅಂಗೈಯಗಲದ ಒಂದು ಬೆಳಕಿಂಡಿ. ಅಷ್ಟೇ ಮನೆ. ಆದರೂ ಅದನ್ನು ನೋಡೋಕೆ ಕಾಡಿಗೆ ಕಾಡೇ ಬಂದು ನಿಂತಿತು!

ಆ ಮನೆಯ ಸೊಸೆ ಮುದ್ದಮ್ಮ. ಅವಳ ಅತ್ತೆ ಹೊಂಬಾಳಮ್ಮ. ಗಂಡ ಕೆಂಚಣ್ಣ. ತೊಟ್ಟಿಲಲ್ಲಿ ಒಂಬತ್ತು ತಿಂಗಳ ಮಗಳು ಬೊಮ್ಮಿ, ಕೈಕಾಲು ಆಡಿಸಿಕೊಂಡು, ಕಂಡವರಿಗೆಲ್ಲ ಬೊಚ್ಚುಬಾಯಿ ಬಿಟ್ಟು ನಗುವ ಬೊಮ್ಮಿ.

ಮನೆಯೊಕ್ಕಲಿನ ದಿನ ಮುದ್ದಮ್ಮ ಬಾಗಿಲಲ್ಲಿ ಒಂದು ಚೊಂಬು ನೀರಿಟ್ಟುಕೊಂಡು ನಿಂತಳು. ಬಂದವರಿಗೆಲ್ಲ ಒಂದೇ ಮಾತು. "ಬನ್ನಿ ಬನ್ನಿ, ಕಾಲಿಗೆ ನೀರು ತಗೊಳ್ಳಿ."

ಗುಬ್ಬಿ ಬಂತು, ಕಾಲು ತೊಳೆದು ಒಳಗೆ ಹೋಯಿತು. ನಾಯಿ ಬಂತು, ಕಾಲು ತೊಳೆದು ಒಳಗೆ ಹೋಯಿತು. ಹಸು ಬಂತು, ಅದಕ್ಕೆ ನಾಲ್ಕು ಚೊಂಬು ನೀರು ಬೇಕಾಯಿತು. ಇನ್ನು ನೂರು ಕಾಲಿನ ಜರಿ! ಅದು ಒಂದೊಂದೇ ಕಾಲು ತೊಳೆದು ಮುಗಿಸೋ ಹೊತ್ತಿಗೆ ಒಳಗೆ ಊಟವೇ ಮುಗಿದಿತ್ತು, ಪಾಪ.

ನೊಣ? ನೊಣ ಬಾಗಿಲ ಕಡೆ ಬರಲೇ ಇಲ್ಲ. ಸರದಿಯಲ್ಲಿ ನಿಲ್ಲುವಷ್ಟು ತಾಳ್ಮೆ ಆ ಪುಣ್ಯಾತ್ಮನಿಗೆ ಎಲ್ಲಿಂದ ಬರಬೇಕು? ಬೆಳಕಿಂಡಿಯಿಂದ ಗುಂಯ್ ಅಂತ ನುಗ್ಗಿಯೇ ಬಿಟ್ಟ.

"ಬಂದೆ ಬಂದೆ ಬಂದೆ! ಅಕ್ಕಾ, ಮುದ್ದಕ್ಕಾ, ನಾನು ಬಂದೆ!"

"ನೀನು ಯಾರಪ್ಪಾ?" ಅಂದಳು ಮುದ್ದಮ್ಮ.

"ಗುರುತು ಸಿಗಲಿಲ್ಲವಾ? ನಾನು ನೊಣಪ್ಪ, ನಿನ್ನ ತವರಿನವನು! ನೀನು ಹುಟ್ಟಿದ ಬಯಲಲ್ಲೇ ನಾನೂ ಹುಟ್ಟಿದ್ದು. ಅಂದ ಮೇಲೆ ನಾನು ನಿನ್ನ ತಮ್ಮ ಅಲ್ಲವಾ? ಈ ಮುದ್ದು ಬೊಮ್ಮಿಗೆ ಸೋದರಮಾವ ಅಲ್ಲವಾ?"

ಮುದ್ದಮ್ಮನಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ತಮ್ಮ ಅನ್ನುವ ಒಂದು ಮಾತಿಗೆ ಅವಳ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನೊಣಪ್ಪ ಬೇರೆ ಸುಮ್ಮನೆ ಕೂರುವವನಾ! ತೊಟ್ಟಿಲ ಸುತ್ತ ಮೂರು ಸುತ್ತು ಹಾರಿ, ಬೊಮ್ಮಿಯ ಕೆನ್ನೆ ಮೇಲೆ ಕೂತ, ಮೂಗಿನ ಮೇಲೆ ಕೂತ, ತುಟಿಯ ಮೇಲೆ ಕೂತ. ಬೊಮ್ಮಿ ಕಿಲಕಿಲ ನಕ್ಕಳು.

ಆಗ ಮುದ್ದಮ್ಮನಿಗೆ ಒಂದು ಯೋಚನೆ ಬಂತು. ಇವನು ಕಾಲು ತೊಳೆದನೋ ಇಲ್ಲವೋ?

ಕೇಳೋಣ ಅಂತ ಬಾಯಿ ತೆರೆದಳು. ಅಷ್ಟರಲ್ಲಿ ನಾಚಿಕೆಯಾಯಿತು. ಚೊಂಬು ಕೊಡುವುದು ಮನೆಯವರ ಕೆಲಸ. ಕೊಡದೆ ಇದ್ದದ್ದು ತನ್ನದೇ ತಪ್ಪು. ಒಳಗೆ ಬಂದು ಕೂತ ನೆಂಟನನ್ನು, ಅದರಲ್ಲೂ ತವರಿನವನನ್ನು, ಕಾಲು ತೊಳೆದೆಯಾ ಅಂತ ಮುಖಕ್ಕೆ ಮುಖ ಕೊಟ್ಟು ಕೇಳುವುದುಂಟೇ? ನಾಲ್ಕು ಜನ ಏನಂದಾರು? ಬಾಯಿಗೆ ಬಂದ ಮಾತನ್ನು ಮುದ್ದಮ್ಮ ಗುಳುಕ್ಕನೆ ನುಂಗಿಕೊಂಡಳು.

ಅಯ್ಯೋ, ನುಂಗಬಾರದಿತ್ತು!

ಮಾರನೆಯ ದಿನವೂ ನೊಣಪ್ಪ ಬಂದ. "ಬಂದೆ ಬಂದೆ ಬಂದೆ!" ಅದರ ಮಾರನೆಯ ದಿನವೂ ಬಂದ. "ಬಂದೆ ಬಂದೆ ಬಂದೆ!" ಬೊಮ್ಮಿಯ ಗಂಜಿಯ ಮೇಲೆ ಕೂತ, ಹಾಲಿನ ಮೇಲೆ ಕೂತ, ಕೂತು ಕೂತು ಮುದ್ದು ಮಾಡಿದ.

ನಾಲ್ಕನೆಯ ದಿನ ಬೊಮ್ಮಿಗೆ ಹೊಟ್ಟೆ ಕೆಟ್ಟಿತು.

ಕುಡಿದದ್ದು ನಿಲ್ಲದು, ತಿಂದದ್ದು ನಿಲ್ಲದು. ಒಂದು ದಿನ ಅತ್ತಳು, ಎರಡನೆಯ ದಿನ ನರಳಿದಳು, ಮೂರನೆಯ ದಿನ ಅಳುವುದಕ್ಕೂ ತ್ರಾಣವಿಲ್ಲದೆ ಸುಮ್ಮನೆ ಮಲಗಿಬಿಟ್ಟಳು. ಕಣ್ಣು ಗುಳಿಬಿದ್ದವು. ಬೊಚ್ಚುಬಾಯಿಯ ನಗು ಎಲ್ಲೋ ಹೋಯಿತು. ಬೇರು ನಾರು ಹುಡುಕಿಕೊಂಡು ಕೆಂಚಣ್ಣ ಬೆಟ್ಟ ಹತ್ತಿದ. ಮುದ್ದಮ್ಮ ತೊಟ್ಟಿಲು ಬಿಟ್ಟು ಕದಲಲಿಲ್ಲ.

"ನೀರಪ್ಪಾ, ನನ್ನ ಕೂಸಿಗೆ ಹೀಗೆ ಮಾಡಿದ್ದು ನೀನಾ?" ಅಂತ ಕೇಳಿದಳು.

"ನಾನಲ್ಲ ತಾಯಿ, ನಾನಲ್ಲ. ನಿನ್ನ ಒಲೆ ಮೇಲೆ ಕೊತಕೊತ ಕುದ್ದು ಬಂದವನು ನಾನು," ಅಂದಿತು ನೀರು.

"ಹಸುವೇ, ನಿನ್ನ ಹಾಲಿನಿಂದಲಾ?"

"ನಾನಲ್ಲ ತಾಯಿ, ನಾನಲ್ಲ. ನನ್ನ ಕರು ಅದೇ ಹಾಲು ಕುಡಿದು ಅಂಗಳ ತುಂಬ ಕುಣಿತಾ ಇದೆ ನೋಡು," ಅಂದಿತು ಹಸು.

"ಗಾಳಿಯೇ, ನಿನ್ನ ಕುಳಿರಿನಿಂದಲಾ?"

"ನಾನಲ್ಲ ತಾಯಿ, ನಾನಲ್ಲ," ಅಂದಿತು ಗಾಳಿ. ಪಾಪ, ಅದರ ದನಿಯೂ ನಡುಗುತ್ತಿತ್ತು.

ಹಾಗಾದರೆ ಯಾರು?

ಹೊಂಬಾಳಮ್ಮ ಕೈಕಟ್ಟಿ ಕೂರುವ ಹೆಂಗಸಲ್ಲ. ಸಂಕಟ ಬಂದರೆ ಅವಳಿಗೆ ಕೈಗೆ ಕೆಲಸ ಬೇಕು. ಬೆಳಿಗ್ಗೆ ಎದ್ದವಳೇ ಮನೆಯೆಲ್ಲ ಸಾರಿಸಿದಳು. ಕೆಮ್ಮಣ್ಣು ಕಲಸಿ ಗೋಡೆಯ ಬುಡಕ್ಕೆ ಬಳಿದಳು, ಬಾಗಿಲ ಸುತ್ತ ಬಳಿದಳು, ಏಣಿ ಹತ್ತಿ ಬೆಳಕಿಂಡಿಯ ಅಂಚಿಗೂ ಬಳಿದಳು. ಕೂಸಿಗೆ ಮಡಿಯಾದ ಬಿಳಿ ಬಟ್ಟೆ ಹೊದಿಸಿದಳು.

"ಮುದ್ದೂ, ಇನ್ನೊಂದು ಸಲ ನೋಡೋಣ. ಎರಡು ಗುಟುಕು ಗಂಜಿ ತಗೊಂಡು ಬಾ," ಅಂದಳು.

ಮಗುವಿನ ಬಾಯಿಗೆ ಹನಿ ಹನಿಯಾಗಿ ಬಿಡಲು ಮೂತಿ ಇರುವ ಪುಟ್ಟ ಬಟ್ಟಲೊಂದು ಇರುತ್ತದಲ್ಲ, ಒಳಲೆ? ಅದರಲ್ಲಿ ಮುದ್ದಮ್ಮ ತಿಳಿಗಂಜಿ ತಂದಳು. ಅಷ್ಟರಲ್ಲೇ,

"ಬಂದೆ ಬಂದೆ ಬಂದೆ! ಎಲ್ಲಿ ನನ್ನ ಬೊಮ್ಮಿ? ಮಾವ ಬಂದ ನೋಡು!"

ನೊಣಪ್ಪ ಬೆಳಕಿಂಡಿಯ ಅಂಚಿನಲ್ಲಿ ಒಂದು ಗಳಿಗೆ ಕೂತು, ಅಲ್ಲಿಂದ ಹೊದಿಕೆಗೆ ಹಾರಿ, ತುರುತುರು ನಡೆದು, ಕೆನ್ನೆ ಹತ್ತಿ, ತುಟಿ ಸವರಿ, ಒಳಲೆಯ ಅಂಚಿಗೆ ಬಂದು ಕೂತ.

ಮುದ್ದಮ್ಮ ಒಳಲೆಯನ್ನು ಮಗುವಿನ ಬಾಯಿಗೆ ಬಗ್ಗಿಸಲು ಹೋದವಳು ಹಾಗೇ ನಿಂತಳು.

ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕಿ! ಸಾಸಿವೆಗಿಂತ ಸಣ್ಣ ಚುಕ್ಕಿ, ಒಂದರ ಹಿಂದೊಂದು, ಸಾಲಾಗಿ. ಬಟ್ಟೆಯಿಂದ ಕೆನ್ನೆಗೆ, ಕೆನ್ನೆಯಿಂದ ತುಟಿಗೆ, ತುಟಿಯಿಂದ ಒಳಲೆಗೆ.

"ಅತ್ತೆಮ್ಮಾ! ಇಲ್ಲಿ ನೋಡಿ!"

ಹೊಂಬಾಳಮ್ಮ ಬಗ್ಗಿ ನೋಡಿದಳು. ತಲೆಯೆತ್ತಿ ಬೆಳಕಿಂಡಿ ನೋಡಿದಳು. ಹಸಿ ಕೆಮ್ಮಣ್ಣಿನ ಮೇಲೆ ಆರು ಪುಟ್ಟ ಕಾಲಿನ ಗುರುತು! "ಇವತ್ತು ಮೆಟ್ಟಿದ್ದು ಕೆಮ್ಮಣ್ಣು, ಅದಕ್ಕೆ ಕಣ್ಣಿಗೆ ಬಿತ್ತು. ಇಷ್ಟು ದಿನ ಏನು ಮೆಟ್ಟಿಕೊಂಡು ಬಂದನೋ, ಕೇಳೇ ಅವನನ್ನ!" ಅಂದಳು.

ಮೊದಲ ದಿನ ನುಂಗಿದ ಮಾತು ಮುದ್ದಮ್ಮನ ಗಂಟಲಿಗೆ ಬಂತು. ನಾಚಿಕೆಯೂ ಬಂತು. ಆದರೆ ತೊಟ್ಟಿಲಲ್ಲಿ ಬೊಮ್ಮಿ ಕಣ್ಣು ಮುಚ್ಚಿ ಬಿದ್ದಿದ್ದಳು. ನಾಚಿಕೆ ಯಾರಿಗೆ ಬೇಕು!

"ನೊಣಪ್ಪಾ, ಎಲ್ಲಿಂದ ಬಂದೆ ನೀನು?"

"ಅಯ್ಯೋ ಅಕ್ಕಾ, ಏನು ಹೇಳಲಿ!" ನೊಣಪ್ಪನಿಗೆ ಹಿಗ್ಗೋ ಹಿಗ್ಗು. "ಬೆಳಿಗ್ಗೆ ತಿಪ್ಪೆಗೆ ಹೋಗಿದ್ದೆ. ಆಹಾ, ಏನು ತಿಪ್ಪೆ ಅಂತೀಯ! ಬೇಲಿಯ ಹಿಂದೆ ಒಂದು ಹೆಗ್ಗಣ ಸತ್ತು ಮೂರು ದಿನ ಆಗಿದೆ, ಅಲ್ಲೂ ಒಂದು ಗಳಿಗೆ ಕೂತಿದ್ದೆ. ಅಲ್ಲಿಂದ ನೇರ ನಮ್ಮ ಬೊಮ್ಮಿ ಹತ್ತಿರ. ದಿನಾ ಹೀಗೇ ಅಲ್ಲವಾ ನಾನು ಬರೋದು?"

"ಕಾಲು ತೊಳೆದೆಯೇನೋ?"

ಕೇಳಿಯೇಬಿಟ್ಟಳು! ಗುಬ್ಬಿ ಕೊಕ್ಕು ತೆರೆದದ್ದು ಮುಚ್ಚಲಿಲ್ಲ. ಹಸು ಮೆಲುಕು ಹಾಕುವುದನ್ನು ನಿಲ್ಲಿಸಿತು. ಲೋಕ ಹುಟ್ಟಿದ ಮೇಲೆ ನೆಂಟನೊಬ್ಬನನ್ನು ಯಾರೂ ಹೀಗೆ ಕೇಳಿದ್ದಿಲ್ಲ.

ನೊಣಪ್ಪ ಪಿಳಿಪಿಳಿ ನೋಡಿದ. "ಕಾಲು ತೊಳೆಯೋದಾ? ಯಾಕಕ್ಕಾ?"

ಮುದ್ದಮ್ಮನ ಕೈ ತಾನಾಗಿಯೇ ಮೇಲೆದ್ದಿತು. "ಶೂ! ಹೋಗಾಚೆ! ನನ್ನ ಕೂಸಿನ ಹತ್ತಿರ ಬಂದೀಯ ಜೋಕೆ!"

ಬೀಸಿದ ಕೈಗೆ ಹೆದರಿ ನೊಣಪ್ಪ ಹಾರಿ ಹೋಗಿ ಬಾಗಿಲ ಚೌಕಟ್ಟಿಗೆ ಅಂಟಿಕೊಂಡ.

ಇನ್ನು ನೋಡಿ, ಮನೆಯಲ್ಲಿ ಎಂಥ ಗಡಿಬಿಡಿ! ಮುದ್ದಮ್ಮ ಗಂಜಿ ಚೆಲ್ಲಿದಳು. ಒಳಲೆಯನ್ನು ಕುದಿಯುವ ನೀರಿಗೆ ಹಾಕಿದಳು. ಹೊಂಬಾಳಮ್ಮ ಮಗುವಿನ ಮುಖ ಒರೆಸಿದಳು, ತಿಪ್ಪೆಯನ್ನು ದೂರಕ್ಕೆ ಸಾಗಿಸಿದಳು, ಹೆಗ್ಗಣವನ್ನು ಹೂಳಿದಳು, ಬೆಳಕಿಂಡಿಗೆ ತೆಳ್ಳನೆ ಬಟ್ಟೆ ಕಟ್ಟಿದಳು. "ನಮ್ಮ ಕೈಯೂ ತೊಳೆಯೋಣ ಕಣೇ, ನಾವೇನು ದೊಡ್ಡ ಸಾಚಾಗಳಾ?" ಅಂತ ಸೊಸೆಯ ಕೈಗೂ ನೀರು ಹುಯ್ದಳು. ಗಾಳಿ ಊದಿ ಊದಿ ಒಲೆ ಹೊತ್ತಿಸಿತು. ಹೊಸ ಗಂಜಿ ಬೆಂದಿತು. ಅದರ ಮೇಲೆ ಮುದ್ದಮ್ಮ ಒಂದು ತಟ್ಟೆ ಮುಚ್ಚಿದಳು. ಲೋಕದಲ್ಲಿ ಅಡುಗೆಗೆ ಮುಚ್ಚಳ ಬಿದ್ದದ್ದು ಅದೇ ಮೊದಲು!

ಹನಿ ಹನಿ ಕುಡಿಸಿದರು. ಒಂದು ದಿನ ಹೋಯಿತು. ಕುಡಿದದ್ದು ನಿಂತಿತು. ಎರಡನೆಯ ದಿನ ಬೊಮ್ಮಿ ಕಣ್ಣು ತೆರೆದಳು. ಮೂರನೆಯ ದಿನ ಸೂರು ಹಾರಿಹೋಗುವ ಹಾಗೆ ಅತ್ತಳು!

"ಹಸಿವಾಗಿದೆ! ನನ್ನ ಮಗೂಗೆ ಹಸಿವಾಗಿದೆ!" ಅಂತ ಮುದ್ದಮ್ಮ ಕುಣಿದಾಡಿದಳು. ನಾಯಿ ಬಾಲ ಅಲ್ಲಾಡಿಸಿ ಅಲ್ಲಾಡಿಸಿ ತಾನೇ ಉರುಳಿಬಿತ್ತು. ಬೆಟ್ಟದಿಂದ ಇಳಿದು ಬರುತ್ತಿದ್ದ ಕೆಂಚಣ್ಣ ಮಗಳ ಅಳು ಕೇಳಿ, ಬೇರಿನ ಗಂಟನ್ನು ದಾರಿಯಲ್ಲೇ ಬಿಸಾಕಿ ಓಡೋಡಿ ಬಂದ.

ಚೌಕಟ್ಟಿನ ಮೇಲಿದ್ದ ನೊಣಪ್ಪನಿಗೂ ಆ ಅಳು ಕೇಳಿಸಿತು. ಮೂರು ದಿನ ಅವನು ಅಲ್ಲೇ ಇದ್ದ. ಊಟವಿಲ್ಲ, ತಿಪ್ಪೆಯಿಲ್ಲ. "ಅಕ್ಕಾ, ನನ್ನಿಂದಲಾ ಹೀಗಾಯಿತು? ನಾನು ಮುದ್ದು ಮಾಡೋಕೆ ಬಂದಿದ್ದೆ ಅಕ್ಕಾ. ಈಗಲೇ ತೊಳೀತೀನಿ ನೋಡು!" ಅಂದವನೇ ಬಾಗಿಲಲ್ಲಿದ್ದ ಚೊಂಬಿಗೆ ಧುಮುಕಿದ.

ರೆಕ್ಕೆ ನೀರಿಗೆ ಅಂಟಿತು. ಕಾಲು ಮೇಲಾಯಿತು. ಗುಂಯ್ ಅನ್ನುವ ದನಿ ಸಣ್ಣಗಾಗಿ ನಿಂತೇಹೋಯಿತು.

ಬಿಟ್ಟಿದ್ದರೆ ಲೋಕದಲ್ಲಿ ನೊಣವೇ ಇರುತ್ತಿರಲಿಲ್ಲ. ಬಿಡಬೇಕು ಅಂತ ಹೊಂಬಾಳಮ್ಮನಿಗೆ ಮನಸ್ಸಿತ್ತು ಕೂಡ. ಆದರೆ ಮುದ್ದಮ್ಮ ಒಂದು ಹುಲ್ಲುಕಡ್ಡಿ ಹಿಡಿದು, ಅವನನ್ನು ಎತ್ತಿ, ಬಿಸಿಲಿಗೆ ಇಟ್ಟಳು. ಎಷ್ಟಾದರೂ ಅಕ್ಕಾ ಅಂತ ಕರೆದವನು.

"ನೀರು ನಿನಗೆ ಆಗದು ಕಣೋ," ಅಂದಳು. "ಒಣಗೈಯನ್ನೇ ಉಜ್ಜು. ಎರಡೂ ಕೈ ಚೆನ್ನಾಗಿ ಉಜ್ಜು, ಮುಖ ಉಜ್ಜು, ಹಿಂದಿನ ಕಾಲೂ ಉಜ್ಜು. ಕೊಳೆಯೆಲ್ಲ ಹೋದ ದಿನ ಬಾ. ನಾನೇ ಎಲೆ ಹಾಕಿ ಬಡಿಸ್ತೀನಿ. ಅಲ್ಲಿಯವರೆಗೆ ಬಂದರೆ ಶೂ ಅನ್ನದೆ ಬಿಡಲ್ಲ. ಇನ್ನು ಮೇಲೆ ಮುಲಾಜಿಲ್ಲ."

"ಆಗಲಿ ಅಕ್ಕಾ! ಈಗಲೇ ಶುರು!" ಅಂದ ನೊಣಪ್ಪ. ಉಜ್ಜಿದ, ಉಜ್ಜಿದ, ಉಜ್ಜಿದ. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಒಳಗಿಂದ ಬೆಲ್ಲದ ಪರಿಮಳ ಬಂತು. ತಡೆಯೋಕಾಗುತ್ತಾ ಅವನಿಗೆ? "ಇಷ್ಟು ಸಾಕು! ಬಂದೆ ಬಂದೆ ಬಂದೆ!"

"ಶೂ!"

ಹೆದರಿ ಹಾರಿದ. ಹಾರಿದವನು ಎಲ್ಲಿ ಕೂರಬೇಕು? ಮತ್ತೆ ತಿಪ್ಪೆಯ ಮೇಲೇ ಕೂತ! ಮತ್ತೆ ಕಾಲಿಗೆಲ್ಲ ಮೆತ್ತಿಕೊಂಡ, ಮತ್ತೆ ಮೊದಲಿಂದ ಉಜ್ಜತೊಡಗಿದ.

ಲೋಕ ಒಣಗಿತು, ಬೆಟ್ಟ ಗಟ್ಟಿಯಾಯಿತು, ಹೊಳೆ ದಾರಿ ಕಂಡುಕೊಂಡಿತು. ನೊಣಪ್ಪನ ಕೈ ಮಾತ್ರ ಇನ್ನೂ ಶುದ್ಧವಾಗಿಲ್ಲ. ಅದಕ್ಕೇ ಮಕ್ಕಳೇ, ನಿಮ್ಮ ತಟ್ಟೆಯ ಅಂಚಿಗೆ ಬಂದು ಕೂತ ನೊಣ ಇವತ್ತಿಗೂ ಎರಡು ಕೈ ಉಜ್ಜಿಕೊಂಡು, ಇಷ್ಟು ಸಾಕಾ ಅಕ್ಕಾ ಅನ್ನುವ ಹಾಗೆ ಮೇಲೆ ನೋಡುವುದು. ಅದು ನೋಡುತ್ತಿರುವಾಗಲೇ, ಎಂಥ ಮೆತ್ತನೆ ಮನಸ್ಸಿನ ಅಮ್ಮನ ಕೈಯಾದರೂ ಶೂ ಅಂತ ಮೇಲೇಳುವುದು.