ತಿರಕಪ್ಪ ಕೇಳಿದ ನೀರು

ಹಿರೇಬಾವಿಯ ಮಠವೆಂದರೆ ಆಗ ನಾಲ್ಕು ಕಂಬದ ಒಂದು ಪಡಸಾಲೆ, ಹಿಂದೆ ಒಂದು ಕೊಟ್ಟಿಗೆ. ಪೂಜ್ಯ ಪರ್ವತಲಿಂಗ ಸ್ವಾಮಿಗಳು ಹೆಚ್ಚು ಹೊತ್ತು ಇರುತ್ತಿದ್ದುದು ಕೊಟ್ಟಿಗೆಯಲ್ಲೇ. ಸಗಣಿ ಸುಟ್ಟ ಬೂದಿಯನ್ನು ಸೋಸಿ, ನೀರಿನಲ್ಲಿ ಕಲಸಿ, ಭಕ್ತರಿಗೆ ಬೇಕಾದ ವಿಭೂತಿಯನ್ನೆಲ್ಲ ತಮ್ಮ ಕೈಯಿಂದಲೇ ಕಟ್ಟುತ್ತಿದ್ದರು. ಎಂಥ ದೊಡ್ಡವರು ಬಂದರೂ ಆ ಕೆಲಸ ನಿಲ್ಲುತ್ತಿರಲಿಲ್ಲ. ಬಂದವರೇ ಗೋಣಿತಾಟು ಹಾಸಿಕೊಂಡು ಕೂಡಬೇಕು.

ಒಂದು ಮುಂಜಾನೆ ನಿವೃತ್ತ ಸುಬೇದಾರ ರುದ್ರಗೌಡ ಕಳಸಣ್ಣವರು ಹಾಗೇ ಬಂದು ಕುಳಿತರು. ಬರ್ಮಾದ ಕಾಳಗದಲ್ಲಿ ಹೋರಾಡಿ ಬಂದ ಹನ್ನೆರಡು ವರ್ಷಕ್ಕೆ ಅವರು ಅದನ್ನೆಲ್ಲ ಮೂರು ನೋಟುಬುಕ್ಕು ತುಂಬ ಬರೆದಿದ್ದರು. 'ರಣರಂಗದಲ್ಲಿ ಶಿವಕೃಪೆ' ಎಂಬ ಹೆಸರೂ ಸಿದ್ಧವಾಗಿತ್ತು. ಹೆಸರಿಟ್ಟವರಿಗೇ ಶಿವನಲ್ಲಿ ನಂಬಿಕೆ ಉಳಿದಿಲ್ಲವೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮನೆಯವರ ಕಣ್ಣಿಗೆ ಮಣ್ಣೆರಚಲು ದಿನವೂ ಪೂಜೆಯ ಕೋಣೆಯ ಬಾಗಿಲು ಹಾಕಿಕೊಂಡು, ಕರಡಿಗೆಯಿಂದ ಲಿಂಗವನ್ನು ಹೊರಗೆ ತೆಗೆಯದೆ, ಸುಮ್ಮನೆ ಕೂತು ಎದ್ದು ಬರುತ್ತಿದ್ದರು. ಪುಸ್ತಕಕ್ಕೆ ಶ್ರೀಗಳ ಆಶೀರ್ವಚನ ಬೇಕೆಂದು ಊರವರು ಕಳಿಸಿದ್ದರು. ಅದೊಂದು ಸಿಕ್ಕಿದರೆ ಇನ್ನು ಯಾರೂ ತಮ್ಮನ್ನು ಏನೂ ಕೇಳುವುದಿಲ್ಲ ಎಂಬ ಆಸೆ ಗೌಡರಿಗೂ ಇತ್ತು.

"ನನ್ನ ಕೈಯೆಲ್ಲ ಬೂದಿ ಆಗೇತಿ. ನೀನ ಓದಪಾ," ಎಂದರು ಶ್ರೀಗಳು.

ಗೌಡರು ಕವಾಯತಿನ ದನಿಯಲ್ಲಿ ಓದಿದರು. ಗುಡ್ಡದ ಮೇಲೆ ನಾಲ್ಕು ದಿನ ಶತ್ರುಗಳು ಸುತ್ತುವರಿದದ್ದು, ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಬಾಟಲಿ ನೀರು, ಜೊತೆಗಾರ ತಿರಕಪ್ಪನ ಹೊಟ್ಟೆಗೆ ಗುಂಡು ತಗಲಿದ್ದು. ಆಮೇಲೆ ಈ ಸಾಲುಗಳು ಬಂದವು: "ನಾನು ಲಿಂಗಪೂಜೆಯಲ್ಲಿದ್ದೆ. ಅವನ ಕೂಗು ಕೇಳಿದೊಡನೆ ಎದ್ದು, ಪೂಜೆಗೆಂದು ಉಳಿಸಿದ್ದ ನೀರನ್ನು ಅವನ ಬಾಯಿಗೆ ಹಾಕಿದೆ. ಶಿವನೇ ಕುಡಿದಂತಾಯಿತು."

"ನೀರು ಕುಡದ ಮ್ಯಾಲೆ ಅಂವ ಏನಂದ?"

ಶ್ರೀಗಳು ತಲೆಯೆತ್ತದೆ ಕೇಳಿದ ಪ್ರಶ್ನೆ ಇಷ್ಟೇ. ಮೂರು ನೋಟುಬುಕ್ಕಿನಲ್ಲಿ ಎಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ. ಗೌಡರು ಪುಟವನ್ನು ಹಿಂದೆ ಮುಂದೆ ತಿರುವಿದರು. ದನಿ ಎಲ್ಲಿಗೋ ಇಳಿದುಹೋಯಿತು.

"ಅಂವ ಕುಡೀಲಿಲ್ರೀ ಅಜ್ಜಾರ. ಲಿಂಗ ಅಂಗೈಯಾಗಿತ್ತು. ನಡುವ ಏಳಬಾರದು, ಮಾತಾಡಬಾರದು ಅಂತ ನಮ್ಮವ್ವ ಕಲಿಸಿದ್ಳು. 'ಗೌಡಾ, ನೀರು' ಅಂದ. ತಡಿ ಅಂತ ಕೈಸನ್ನಿ ಮಾಡಿದೆ. ಪೂಜಿ ಮುಗಿಸಿ ಹೋಗೂದ್ರಾಗ ಅಂವ ಇರಲಿಲ್ಲ. ಆವತ್ತಿನಿಂದ ನನಗ ಆ ಲಿಂಗ ಬರೇ ಕಲ್ಲಾಗೇತ್ರಿ."

ಅಂದು ಮೊದಲ ಸಲ ಶ್ರೀಗಳ ಕೈ ನಿಂತಿತು.

"ಪೂಜಿ ಮುಗಿಸಿದೆ ಅಂದ್ಯಲ್ಲ, ಮುಗದಿಲ್ಲಪಾ. ಅಂವ ನೀರು ಕೇಳಿದಾಗ ನಿಂತದ್ದು ಇನ್ನೂ ಅಲ್ಲೇ ನಿಂತೈತಿ. ಖರೇ ಬರದು ಮುಂದಿಂದು ಮಾಡು."

ಗೌಡರು ಅಲ್ಲಿಯೇ ಆ ಪುಟ ಹರಿದು, ಮೊಣಕಾಲ ಮೇಲಿಟ್ಟುಕೊಂಡು ಹೊಸದಾಗಿ ಬರೆದರು. ಹತ್ತು ಸಾಲಿಗೆ ಮಧ್ಯಾಹ್ನವಾಯಿತು. ಬರೆಯುತ್ತ ಅತ್ತರು, ಹನ್ನೆರಡು ವರ್ಷ ಅತ್ತಿರಲಿಲ್ಲ. ಶ್ರೀಗಳು ಕೈ ತೊಳೆದು, ತಾವೇ ಒಂದು ಚೊಂಬು ನೀರು ತಂದು ಅವರ ಬೊಗಸೆಗೆ ಎರೆದರು.

ಪುಸ್ತಕ ಅಚ್ಚಾದಾಗ ಶೀರ್ಷಿಕೆಯಿಂದ ಶಿವಕೃಪೆ ಬಿಟ್ಟುಹೋಗಿತ್ತು. ಆಶೀರ್ವಚನ ಮಾತ್ರ ಇತ್ತು, ಶ್ರೀಗಳ ಅಪ್ಪಣೆಯಂತೆ ಆ ಹತ್ತು ಸಾಲಿನ ಕೆಳಗೆ: "ಇದು ಪೂಜೆ."

ಮುಂದೆ ಬದುಕಿದ್ದಷ್ಟು ಕಾಲ ಗೌಡರು ಬೆಳಿಗ್ಗೆ ಸ್ನಾನ ಮಾಡಿ, ತುಂಬಿದ ಕೊಡ ಹೊತ್ತು ಬಸ್ಸು ನಿಲ್ಲುವ ಕಟ್ಟೆಯತ್ತ ಹೋಗಿ, "ಯಾರಿಗರ ನೀರು ಬೇಕೇನ್ರೀ?" ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಎಲ್ಲರೂ ಸಾಕೆಂದ ಮೇಲೆ ಮನೆಗೆ ಬಂದು, ಕರಡಿಗೆ ಬಿಚ್ಚಿ ಪೂಜೆಗೆ ಕೂಡುವರು. ಕೂತಾಗ ಬಾಗಿಲು ಹಾಕುತ್ತಿರಲಿಲ್ಲ.