ಇನ್ನೊಬ್ಬನ ಶ್ರುತಿ

ದಸರೆಯ ರಜೆ. ಶಿಷ್ಯರೆಲ್ಲ ಊರಿಗೆ ಹೋಗಿದ್ದರು. ನದಿ ದಂಡೆಯ ಆ ಸಂಗೀತಾಶ್ರಮದಲ್ಲಿ ಉಳಿದವರು ಇಬ್ಬರೇ: ಎಲ್ಲರೂ ಅಜ್ಜಾರು ಎಂದು ಕರೆಯುವ ಗುರು ನಿಜಗುಣಯ್ಯ, ಮತ್ತು ಶಿಷ್ಯ ಗವಿಸಿದ್ಧ.

ಬೆಳಗಿನ ಅಭ್ಯಾಸದಲ್ಲಿ ಗವಿಸಿದ್ಧನ ದನಿ ಒಡೆಯಿತು. ಮೇಲಿನ ಷಡ್ಜ ಮುಟ್ಟಲು ಹೋಗಿ ಕೆಮ್ಮಿದ. ಮತ್ತೆ ಹೋದ. ಮತ್ತೆ ಕೆಮ್ಮಿದ.

ಗುರು ತಂಬೂರಿಯ ತಂತಿಯೊಂದನ್ನು ಮೀಟಿ ನೋಡಿದರು.

"ಇದು ಯಾರ ಶ್ರುತಿಗೆ ಐತಿ?"

"ನಂದ ರೀ, ಅಜ್ಜಾರ."

"ಒಂದೊಂದು ಗಂಟಲಕ್ಕ ಒಂದೊಂದು ಶ್ರುತಿ. ನಿಂದು ಇಷ್ಟು ಮ್ಯಾಲಿಲ್ಲ. ಯಾರದು, ಹೇಳು."

ಗವಿಸಿದ್ಧ ಮೊಬೈಲ್ ತೆಗೆದು ತೋರಿಸಿದ. ಅವನದೇ ವಯಸ್ಸಿನ ಹುಡುಗ, ಯಾವುದೋ ಊರಿನವನು, ಎತ್ತರದ ಶ್ರುತಿಯಲ್ಲಿ ಸಲೀಸಾಗಿ ಹಾಡುತ್ತಿದ್ದ. ಲಕ್ಷ ಜನ ಮೆಚ್ಚಿದ್ದರು.

"ಅವನ ಗಂಟಲು ಅವಂದು. ನಿನಗ ಕೊಟ್ಟಾನೇನು?"

"ಇಲ್ರೀ."

"ನಿನ್ನ ಹಾಡೂ ಇದರಾಗ ಹಾಕ್ತೀಯಾ?"

"ದಿನಾ ಹಾಕ್ತೀನ್ರೀ. ಒಂಬತ್ತು ಲೈಕು. ಅದರಾಗ ಒಂದು ನಮ್ಮವ್ವಂದು. ಇನ್ನೊಂದು ನಂದ."

"ಉಳಿದವರು?"

"ಗೊತ್ತಿಲ್ರೀ. ನಿನ್ನೆ ಒಬ್ಬಾವ ಕೊಟ್ಟಿದ್ದನ್ನ ವಾಪಸ್ ತಗೊಂಡ. ಯಾಕ ತಗೊಂಡ ಅಂತ ನಿದ್ದಿ ಹತ್ತಲಿಲ್ರೀ."

ಗುರು ನಗಲಿಲ್ಲ.

"ಹಿಂಗ ಹಾಡಿದರ ಮುಂದಿನ ದಸರಾಕ್ಕ ಈ ಗಂಟಲು ಇರೂದಿಲ್ಲ."

"ಹೋಗ್ಲಿ ಬಿಡ್ರೀ," ಎಂದ ಗವಿಸಿದ್ಧ. "ಇದ್ದರೂ ಯಾರಿಗೆ ಬೇಕಾಗೇತಿ?"

ಗುರು ತಂಬೂರಿಯನ್ನು ಹೆಗಲಿಗೆ ಆನಿಸಿಕೊಂಡು, ಬಿರಡೆ ತಿರುವಿ, ತಂತಿಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಗವಿಸಿದ್ಧನ ಶ್ರುತಿ ಬಂದಾಗ ನಿಲ್ಲಿಸಿದರು.

ಆಮೇಲೆ ಮೀಟುತ್ತ ಕೂತರು. ಹಾಡು ಎನ್ನಲಿಲ್ಲ.

ಗವಿಸಿದ್ಧನ ಕೈ ಮೊಬೈಲಿಗೆ ಹೋಯಿತು. ಗುರು ತಡೆಯಲಿಲ್ಲ. ಅವನು ನೋಡಿದ, ಕೆಳಗಿಟ್ಟ, ಮತ್ತೆ ನೋಡಿದ. ತಂಬೂರಿ ನಿಲ್ಲಲಿಲ್ಲ.

ಬಿಸಿಲು ಅಂಗಳ ದಾಟಿ ಮೆಟ್ಟಿಲಿಗೆ ಬಂತು. ನದಿಯಲ್ಲಿ ಯಾರೂ ಇರಲಿಲ್ಲ. ದಂಡೆಯ ಮೇಲೂ ಯಾರೂ ಇರಲಿಲ್ಲ.

ಯಾವಾಗಲೋ ಗವಿಸಿದ್ಧ ಬಾಯಿ ತೆರೆದ. ಕೆಳಗಿನ ಷಡ್ಜ. ದನಿ ತಂತಿಯೊಳಗೆ ಹೋಗಿ ಸೇರಿತು. ಯಾವುದು ದನಿ, ಯಾವುದು ತಂತಿ ಎಂದು ಹೇಳುವಂತಿರಲಿಲ್ಲ. ಅವನು ಕಣ್ಣು ಮುಚ್ಚಿದ. ಸಾವಕಾಶವಾಗಿ ಮೇಲೇರಿದ. ಮೇಲಿನ ಷಡ್ಜ ಬಂತು. ಕೆಮ್ಮು ಬರಲಿಲ್ಲ.

ಮಗ್ಗುಲಲ್ಲಿ ಮೊಬೈಲ್ ಗುಂಯ್ ಎಂದಿತು. ಅವನಿಗದು ಕೇಳಿಸಲಿಲ್ಲ.

ಹಾಡು ಮುಗಿಯಿತು. ತಂಬೂರಿಯೂ ನಿಂತಿತು. ಖಾಲಿ ಆಶ್ರಮದಲ್ಲಿ ಸದ್ದೇ ಇಲ್ಲ.

ಆ ಮೌನವನ್ನು ಗವಿಸಿದ್ಧ ಸ್ವಲ್ಪ ಹೊತ್ತು ತಾಳಿದ. ಆಮೇಲೆ ಆಗಲಿಲ್ಲ.

"ಹೆಂಗಿತ್ರೀ, ಅಜ್ಜಾರ?"

ಗುರು ತಂಬೂರಿಗೆ ಗವಸು ಹಾಕುತ್ತಿದ್ದರು. ತಲೆಯೆತ್ತಲಿಲ್ಲ.

"ಅಜ್ಜಾರ, ನನ್ನ ಹಾಡು ಹೆಂಗಿತ್ರೀ?"

"ಯಾಕಪ್ಪ, ನೀ ಇಲ್ಲಿ ಇದ್ದಿಲ್ಲೇನು?"